ಅಳಿಸಿದ ಮೆಸೇಜುಗಳು



ಜಗಳ ಎಂದರೆ ದೊಡ್ಡ ಊರುಗಳ ಸಂಗತಿ, ಟಿವಿಯಲ್ಲಿ ಬರುವಂಥದ್ದು ಎಂದುಕೊಂಡಿದ್ದೆವು. ಮೋಯಾರಿನಲ್ಲಿ ಜಗಳವಾಡಲು ಇರುವುದಾದರೂ ಏನು? ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ಮುದುಮಲೈ, ಮಧ್ಯೆ ಆಳದಲ್ಲಿ ನದಿ. ಕತ್ತಲಾದ ಮೇಲೆ ಮಸಿನಗುಡಿಗೆ ಬೈಕಿನಲ್ಲಿ ಹೋಗಲೂ ಹೆದರುವ ಜನ ನಾವು. ಆದರೆ ನಮ್ಮ ಯುವಜನರ ಗುಂಪೇ ಒಂದು ವಿಡಿಯೋದಿಂದ ಎರಡಾಯಿತು.

ಆ ವಿಡಿಯೋ ನೀವೂ ನೋಡಿರುತ್ತೀರಿ. 2021ರ ಜನವರಿಯಲ್ಲಿ ಮಸಿನಗುಡಿಯ ಒಂದು ವಸತಿಗೃಹದ ಹತ್ತಿರ ಬಂದ ಆನೆಯ ಮೇಲೆ ಉರಿಯುವ ಟೈರ್ ಎಸೆದರು. ತಲೆ, ಕಿವಿ ಸುಟ್ಟುಕೊಂಡೇ ಅದು ಓಡಿತು. ಬೆನ್ನಿನ ಮೇಲೆ ಮೊದಲೇ ಗಾಯವಿದ್ದ ಆನೆ ಅದು. ಜನವರಿ 19ರಂದು ತೆಪ್ಪಕಾಡಿಗೆ ಲಾರಿಯಲ್ಲಿ ಸಾಗಿಸುವಾಗ ಸತ್ತಿತು. ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರು ಅದರ ಸೊಂಡಿಲು ಹಿಡಿದು ಅತ್ತದ್ದನ್ನು ಇಡೀ ದೇಶ ನೋಡಿತು.

ನಮ್ಮ ಗ್ರೂಪಿಗೆ ಎರಡೂ ವಿಡಿಯೋ ಹಾಕಿದವಳು ವಾಚರ್ ಒಬ್ಬರ ಮಗಳು. ಕೆಳಗೆ, "ರೆಸಾರ್ಟಿನವರಿಗೆ ಹೃದಯವೇ ಇಲ್ಲ" ಎಂದು ಬರೆದಳು. ಐದು ನಿಮಿಷಕ್ಕೆ ಉತ್ತರ ಬಂತು: "ನಮ್ಮಣ್ಣನೂ ರೆಸಾರ್ಟಿನವನೇ. ಅವನೂ ಕೊಲೆಗಾರನಾ?"

ಆ ಹುಡುಗನ ಅಣ್ಣ ರೆಸಾರ್ಟ್ ಒಂದರಲ್ಲಿ ಅಡುಗೆ ಕೆಲಸಕ್ಕಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಆಗಸ್ಟ್‌ನಲ್ಲಿ ಆನೆ ಕಾರಿಡಾರಿನ ರೆಸಾರ್ಟುಗಳಿಗೆ ಬೀಗಮುದ್ರೆ ಬಿತ್ತಲ್ಲ, ಆಗ ಕೆಲಸ ಹೋಗಿ ತಿರುಪ್ಪೂರಿನ ಬನಿಯನ್ ಕಂಪನಿ ಸೇರಿದರು. 2020ರ ಅಕ್ಟೋಬರ್ 14ರಂದು ಅದೇ ಕೋರ್ಟ್ ಕಾರಿಡಾರನ್ನು ಎತ್ತಿಹಿಡಿದು ತೀರ್ಪು ಕೊಟ್ಟ ಮೇಲೆ, ವಾಪಸ್ ಬರುವ ಆಸೆಯನ್ನೂ ಬಿಟ್ಟರು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಹುಡುಗಿಯ ಮೆಸೇಜಿಗೆ ಕೈಮುಗಿಯುವ ಚಿತ್ರ ಹಾಕಿದವರು ನಮ್ಮಲ್ಲೇ ಏಳೆಂಟು ಮಂದಿ.

ಮಾತು ಬೆಳೆಯಿತು. ಕನ್ನಡದಲ್ಲಿ ಶುರುವಾದದ್ದು ತಮಿಳಿಗೆ ತಿರುಗಿತು. (ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿತ ನಮಗೆ ಕೋಪ ಬಂದಾಗ ಯಾವುದು ಮೊದಲು ಬಾಯಿಗೆ ಬರುತ್ತದೋ ಗೊತ್ತಾಗುವುದಿಲ್ಲ.) "ನಿಮ್ಮಪ್ಪ ನಮ್ಮ ದನ ಅಟ್ಟೋಕೆ ಸಂಬಳ ತಗೋತಾರೆ" ಎಂಬಲ್ಲಿಗೆ ಬಂದಾಗ ಗ್ರೂಪ್ ನೋಡಿಕೊಳ್ಳುವ ನಾವು ಎಲ್ಲವನ್ನೂ ಅಳಿಸಿ, ಒಂದು ಬೈಬಲ್ ವಾಕ್ಯ ಹಾಕಿ ಮಲಗಿದೆವು. ಸಮಾಧಾನ ಮಾಡಿದೆವು ಎಂದೇ ತಿಳಿದಿದ್ದೆವು. ಮುಂದಿನ ಭಾನುವಾರ ಇಬ್ಬರೂ ಗಾಯನಕ್ಕೆ ಬರಲಿಲ್ಲ.

ತಪಸ್ಸುಕಾಲ ಬಂತು. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಸಹೋದರನ ಬಳಿ ಹೋಗಬೇಕೆಂದು ಪ್ರಭು ಹೇಳಿದ ಭಾಗವನ್ನು (ಮತ್ತಾಯ 5:23-24) ಧ್ಯಾನಕ್ಕೆ ಆರಿಸಿದವರು ನಾವೇ. ಓದಿ ಮುಗಿಸಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆ ಇಬ್ಬರೂ ಬರದ ಕೂಟದಲ್ಲಿ ಅದನ್ನು ಓದಿ ಏನು ಪ್ರಯೋಜನ? ಅಂದೇ ಸಂಜೆ ನಾವು ನಾಲ್ವರು ಎರಡೂ ಮನೆಗೆ ಹೋದೆವು.

ಹುಡುಗಿಯ ಅಪ್ಪ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು. "ದನ ಅಟ್ಟುವಾಗ ನನಗೂ ನಾಚಿಕೆ ಆಯ್ತದೆ. ನನ್ನ ಮನೆಲೂ ಎರಡು ಹಸ ಅವೆ" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಇನ್ನೊಂದು ಮನೆಯಲ್ಲಿ ಆ ಹುಡುಗ ಒಳಗಿಂದ ಹೊರಗೆ ಬರಲೇ ಇಲ್ಲ. ಅವನ ತಾಯಿ ಚಹಾ ಕೊಟ್ಟರು. ಆನೆಯ ವಿಡಿಯೋ ನೋಡಿ ತಿರುಪ್ಪೂರಿನಿಂದ ದೊಡ್ಡ ಮಗ ಫೋನ್ ಮಾಡಿ ಅತ್ತನಂತೆ. ರೆಸಾರ್ಟಿನ ಅಡುಗೆಮನೆ ಹಿಂದೆಯೇ ಆನೆಗಳು ದಾಟುತ್ತಿದ್ದವು, ಅವನು ದೀಪ ಆರಿಸಿ ಸುಮ್ಮನೆ ನಿಲ್ಲುತ್ತಿದ್ದನಂತೆ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೇವೆ, ಈ ಎರಡು ಮಾತು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಮೆಸೇಜು ಅಳಿಸುವ ಬದಲು ಆ ರಾತ್ರಿಯೇ ಹೋಗಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ನಾವು ಹೋಗಿ ಬಂದ ಮಾತ್ರಕ್ಕೆ ಅವರು ಒಂದಾಗಲಿಲ್ಲ. ಈಸ್ಟರಿಗೆ ಇಬ್ಬರೂ ಬಂದರು, ಬೇರೆ ಬೇರೆ ಸಾಲಿನಲ್ಲಿ ನಿಂತರು.

ಆ ವರ್ಷದ ಅಕ್ಟೋಬರಿನಲ್ಲಿ ಮಸಿನಗುಡಿಯಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಹುಲಿ ಕೊಂದಿತು. ಟಿ-23 ಎಂದು ಕರೆದ ಆ ಹುಲಿಗಾಗಿ ಮೂರು ವಾರ ಹುಡುಕಾಟ. ಇಲಾಖೆಯವರು ಹಗಲು ರಾತ್ರಿ ಕಾಡಿನಲ್ಲಿ, ದನಗಳೆಲ್ಲ ಕೊಟ್ಟಿಗೆಯಲ್ಲಿ, ಸಂಜೆಯಾದರೆ ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗೆ. ಅಕ್ಟೋಬರ್ 15ರಂದು ಅದನ್ನು ಜೀವಂತ ಹಿಡಿದು ಮೈಸೂರಿಗೆ ಕಳುಹಿಸಿದರು.

ಆ ದಿನಗಳ ಒಂದು ರಾತ್ರಿಯ ಮೆಸೇಜನ್ನು ಹುಡುಗಿ ಆಮೇಲೆ ನಮಗೆ ತೋರಿಸಿದಳು. ಗ್ರೂಪಿನಲ್ಲಿ ಅಲ್ಲ, ಅವಳೊಬ್ಬಳಿಗೇ ಬಂದದ್ದು: "ಅಪ್ಪ ಮನೆಗೆ ಬಂದ್ರಾ ಅಕ್ಕಾ?"

ಅವಳ ಉತ್ತರ: "ಇಲ್ಲ ಕಣೋ. ನಿಮ್ಮ ಹಸಗಳಿಗೆ ಮೇವು ಐತಾ?"