ಟೆಕ್ಸಾಸಿನ ಹಂದಿ ಬೇಟೆ: ಚಿಕ್ಕಪ್ಪನಿಗೊಂದು ಪತ್ರ

ಸ್ಯಾನ್ ಆಂಟೋನಿಯೋ, ಟೆಕ್ಸಾಸ್
ಮಾರ್ಚ್ ತಿಂಗಳು

ಪ್ರೀತಿಯ ಚಿಕ್ಕಪ್ಪನವರಿಗೆ,

ಕೊಯ್ಲಿಗೆ ಬಂದ ಗದ್ದೆಗೆ ಕಾಡುಹಂದಿ ನುಗ್ಗಿದಾಗ, ಮನೆಯಲ್ಲಿ ಕೋವಿ ಇದ್ದೂ ಕಾನೂನಿಗೆ ಹೆದರಿ ಕೈಕಟ್ಟಿ ಕೂರಬೇಕಲ್ಲ ಎಂದು ಸಿಟ್ಟಾಗಿದ್ದಿರಿ. ಇಲ್ಲಿ ಅದಕ್ಕೆ ತದ್ವಿರುದ್ಧ. ಖಾಸಗಿ ಜಮೀನಿನಲ್ಲಿ ಮಾಲೀಕ ಒಪ್ಪಿದರೆ ಸಾಕು, ಹಂದಿ ಹೊಡೆಯಲು 2019ರಿಂದ ಬೇಟೆಯ ಲೈಸೆನ್ಸೂ ಬೇಡ. ವರ್ಷವಿಡೀ, ಹಗಲೂ ರಾತ್ರಿಯೂ ಹೊಡೆಯಬಹುದು. 2011ರ ಕಾನೂನಿನಂತೆ ಪರವಾನಗಿ ಪಡೆದು ಹೆಲಿಕಾಪ್ಟರಿನಿಂದಲೂ ಹೊಡೆಯುತ್ತಾರೆ! ಇಲ್ಲಿರುವ ಅಣ್ಣನ ಜೊತೆ ಕೆಲಸ ಮಾಡುವವರೊಬ್ಬರ ರಾಂಚ್‌ಗೆ ಹೋಗಿ ರಾತ್ರಿಯ ಹಂದಿ ಬೇಟೆ ನೋಡಿ ಬಂದೆ.

ರಾಂಚ್ ಎಂದರೆ ದನ ಮೇಯುವ ದೊಡ್ಡ ಬಯಲು. ನಡುನಡುವೆ ಮೆಸ್ಕೀಟ್ ಎಂಬ ಮುಳ್ಳುಗಿಡದ ಪೊದೆ, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಒಂದು ಮೂಲೆಯಲ್ಲಿ ಆಗಷ್ಟೇ ಬಿತ್ತಿದ ಮೆಕ್ಕೆಜೋಳ. ಸಂಜೆ ಬೆಳಕಿದ್ದಾಗಲೇ ಹೊಲ ತೋರಿಸಿದರು. ಹಂದಿಗಳು ಬಿತ್ತನೆಯ ಸಾಲು ಹಿಡಿದು ಹೋಗಿ, ಮೂತಿಯಲ್ಲಿ ಮಣ್ಣು ಕೆದರಿ ಒಂದೊಂದೇ ಬೀಜ ಹೆಕ್ಕಿದ್ದವು. ಕೂರಿಗೆ ಎಲ್ಲಿ ತಿರುಗಿತ್ತೋ ಅಲ್ಲೇ ಅವೂ ತಿರುಗಿದ್ದವು.

ಪ್ರವಾಸಿ ವೀಸಾದವರು ಇಲ್ಲಿ ಕೋವಿ ಹಿಡಿಯಲು ಬೇರೆಯೇ ಕಟ್ಟಳೆಗಳಿವೆ. ಹಾಗಾಗಿ ನನ್ನ ಕೈಗೆ ಬಂದದ್ದು ಥರ್ಮಲ್ ದುರ್ಬೀನು ಮಾತ್ರ. ಅದು ಮೈಯ ಕಾವನ್ನೇ ಚಿತ್ರ ಮಾಡಿ ತೋರಿಸುತ್ತದೆ. ಕಪ್ಪು ಹೊಲದ ಮೇಲೆ ಬೆಳ್ಳಗೆ ಹೊಳೆಯುವ ಹಂದಿಗಳು, ಕಾಲಡಿಯಲ್ಲಿ ಮರಿಗಳು. ಕೆಸರಲ್ಲಿ ಹೊರಳಿ ಬಂದಿದ್ದ ಒಂದರ ಹೊಟ್ಟೆ ಮಾತ್ರ ಮಸುಕು: ಒದ್ದೆ ಕೆಸರು ಕಾವನ್ನು ಮುಚ್ಚಿತ್ತು. ಹಂದಿಗೆ ಕಣ್ಣು ಮಂದ, ಮೂಗು ಚುರುಕು ಎಂದು ನೀವು ಹೇಳುತ್ತಿದ್ದಿರಲ್ಲ, ಇಲ್ಲಿಯವರೂ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡೇ ಹೆಜ್ಜೆ ಇಡುತ್ತಾರೆ. ಹತ್ತಿರ ಸರಿದು ಈಡು ಹೊಡೆದರು. ದೊಡ್ಡ ಹೆಣ್ಣೊಂದು ಅಲ್ಲೇ ಬಿತ್ತು. ಮಿಕ್ಕ ಹಿಂಡು ಕಣ್ಣು ಮಿಟುಕಿಸುವುದರೊಳಗೆ ಪೊದೆ ಸೇರಿ ಮಾಯ. ಕೊಯ್ಯುವಾಗ ರಬ್ಬರ್ ಕೈಗವಸು ಹಾಕಿಕೊಂಡರು. ಬ್ರುಸೆಲ್ಲೋಸಿಸ್ ಎಂಬ ರೋಗ ಹಂದಿಯ ರಕ್ತದಿಂದ ಮನುಷ್ಯರಿಗೂ ಅಂಟುತ್ತದಂತೆ.

ಇಷ್ಟು ಸ್ವಾತಂತ್ರ್ಯವಿದ್ದರೆ ಹಂದಿ ಮುಗಿದೇ ಹೋಗಬೇಕಿತ್ತು ಅಂದುಕೊಳ್ಳುತ್ತೀರಿ. ಆದರೂ ಟೆಕ್ಸಾಸಿನಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಇವೆ ಎಂಬ ಅಂದಾಜಿದೆ. ಸ್ಪೇನಿನವರು 16ನೇ ಶತಮಾನದಲ್ಲಿ ತಂದ ಸಾಕುಹಂದಿಗಳು ಕಾಡುಬಿದ್ದವು. 1930ರ ದಶಕದಲ್ಲಿ ಬೇಟೆಯ ಮೋಜಿಗಾಗಿ ಯುರೋಪಿನ ಕಾಡುಹಂದಿಯನ್ನೂ ತಂದು ಬಿಟ್ಟರು. ಎರಡೂ ಬೆರೆತವು. ಹೆಣ್ಣು ವರ್ಷ ತುಂಬುವ ಮೊದಲೇ ಗಬ್ಬವಾಗುತ್ತದೆ, ನಾಲ್ಕು ತಿಂಗಳಿಗೂ ಮೊದಲೇ ಈಯುತ್ತದೆ. ಸಂಖ್ಯೆ ಏರದಂತೆ ತಡೆಯಲಿಕ್ಕೇ ವರ್ಷಕ್ಕೆ ಮೂರರಲ್ಲಿ ಎರಡು ಪಾಲು ಹಂದಿ ತೆಗೆಯಬೇಕು ಎನ್ನುತ್ತಾರೆ ಇಲ್ಲಿಯ ತಜ್ಞರು. ರಾತ್ರಿ ಒಂದೆರಡು ಹೊಡೆದರೆ ಉಳಿದವು ಎಚ್ಚೆತ್ತು ಪಕ್ಕದವರ ಹೊಲಕ್ಕೆ ಹೋಗುತ್ತವೆ, ಅಷ್ಟೇ. ಮಿಸೌರಿ ರಾಜ್ಯವಂತೂ ತನ್ನ ಸಂರಕ್ಷಣಾ ಇಲಾಖೆಯ ಜಮೀನಿನಲ್ಲಿ 2016ರಲ್ಲಿ ಹಂದಿ ಬೇಟೆಯನ್ನೇ ನಿಷೇಧಿಸಿತು. ಬೇಟೆಗೆ ಬೇಕೆಂದೇ ಜನ ಹಂದಿ ತಂದು ಬಿಡುತ್ತಿದ್ದರು!

ಕೆಲಸಕ್ಕೆ ಬರುವುದು ಬೋನು. ರಾಂಚಿನ ಯಜಮಾನರೇ ಅದನ್ನು ತೋರಿಸಿದರು. ಕಬ್ಬಿಣದ ಜಾಲರಿಯ ದೊಡ್ಡ ಸುತ್ತು, ಒಳಗೆ ಜೋಳ ಸುರಿದಿದೆ, ಮೇಲೊಂದು ಕ್ಯಾಮೆರಾ. ಮೊಬೈಲಿನಲ್ಲಿ ನೋಡುತ್ತಿದ್ದು, ಹಿಂಡಿನ ಕೊನೆಯ ಮರಿಯೂ ಒಳಗೆ ಬಂದ ಮೇಲೆ ಬಾಗಿಲು ಬೀಳಿಸುತ್ತಾರೆ. "ಕೋವಿ ಸಂತೋಷಕ್ಕೆ, ಬೋನು ಬೆಳೆಗೆ" ಎನ್ನುವ ಅರ್ಥದಲ್ಲಿ ಮಾತಾಡಿದರು.

ನಮ್ಮಲ್ಲಿ ಬೋನಿಡುವಂತೆಯೂ ಇಲ್ಲ, ಇಡಬೇಕಾಗಿಯೂ ಇಲ್ಲ. ನಮ್ಮ ಹಂದಿ ಇಲ್ಲಿಯದರಂತೆ ಹೊರಗಿನಿಂದ ಬಂದದ್ದಲ್ಲ, ಹುಲಿ, ಚಿರತೆ ಹಿಡಿದು ತಿನ್ನುವ ನಮ್ಮ ಕಾಡಿನದೇ ಪ್ರಾಣಿ. ಅದಕ್ಕೆ ಬೇಲಿಯೇ ಸರಿ. ಒಬ್ಬರೇ ಹಾಕಿದರೆ ಹಂದಿ ಪಕ್ಕದವರ ಗದ್ದೆಗೆ ಹೊರಳುತ್ತದೆ. ಅದಕ್ಕೇ ಮಳೆಗಾಲಕ್ಕೆ ಮೊದಲು ಬಯಲಿನ ಎಲ್ಲರನ್ನೂ ಸೇರಿಸಿ ಒಂದೇ ಸೋಲಾರ್ ಬೇಲಿ ಹಾಕಿಸಿ. ನನ್ನ ಪಾಲಿನ ದುಡ್ಡು ನಾನು ಕೊಡುತ್ತೇನೆ. ಕಂಬದಿಂದ ಕರೆಂಟು ಎಳೆದು ತಂತಿಗೆ ಕೊಡುವ ಕೆಲಸ ಮಾತ್ರ ಬೇಡವೇ ಬೇಡ. ಹಂದಿಗಿಂತ ಮೊದಲು ಮನುಷ್ಯರು ಸಾಯುತ್ತಾರೆ.

ಇಂತಿ,
ನಿಮ್ಮ ಪ್ರೀತಿಯ ರಘು