ಐವತ್ತು ಕುದುರೆಗಳ ಲೆಕ್ಕ

ಬಂಗಾರಪೇಟೆ, ಕೆಜಿಎಫ್ ಸೀಮೆಯ ಜನ ಕಾರಿನ ವಿಷಯಕ್ಕೆ ಬಂದರೆ ಎರಡೇ ಪ್ರಶ್ನೆ ಕೇಳುತ್ತಾರೆ. ‘ಎಷ್ಟು ಕೊಡ್ತದೆ?’ ಎಂಬುದು ಒಂದು. ‘ಪಿಕಪ್ ಹೇಗಿದೆ?’ ಎಂಬುದು ಇನ್ನೊಂದು. ಮೊದಲನೆಯದು ಸಂಸಾರಸ್ಥರ ಪ್ರಶ್ನೆ, ಎರಡನೆಯದು ಹರೆಯದವರದು. ಒಂದೇ ಗಾಡಿಯಲ್ಲಿ ಎರಡಕ್ಕೂ ಒಳ್ಳೆಯ ಉತ್ತರ ಸಿಗುವುದು ಅಪರೂಪ. ಈ ಎರಡನೆಯ ಪ್ರಶ್ನೆ ಕಳೆದ ವರ್ಷ ನಮ್ಮ ಆಪಾಳ ಮನೆಗೆ ಬಂದು ಜಗಲಿಯ ಮೇಲೆ ಕೂತುಬಿಟ್ಟಿತು.

ಆಪಾಳ ಮನೆ ಕ್ಯಾಸಂಬಳ್ಳಿಯಲ್ಲಿದೆ. ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಹೆಸರಿನ ಮೊದಲ ಅಕ್ಷರದಲ್ಲಿರುವುದು ಇದೇ ಊರು. ಕನ್ನಡ, ತೆಲುಗು, ತಮಿಳು, ನಮ್ಮ ದಖನಿ ಉರ್ದು ನಾಲ್ಕೂ ಒಂದೇ ಚಹಾದಂಗಡಿಯಲ್ಲಿ ಕೂತು ಮಾತಾಡುವ ಜಾಗ. ನಮ್ಮ ಭಾವ 1998ರಲ್ಲಿ ಒಂದು ಮಾರುತಿ ಝೆನ್ ಕೊಂಡಿದ್ದರು. ಬೆಂಗಳೂರಿನ ಕೆಲಸಕ್ಕೆ ಹೋಗಲು ದಿನಾ ಬೆಳಗಿನ ರೈಲು ಹಿಡಿಯಬೇಕಿತ್ತು. ಸ್ಟೇಷನ್ನಿನವರೆಗೆ ಆ ಝೆನ್, ಅಲ್ಲಿಂದ ರೈಲು. ಭಾವ ತೀರಿಹೋದ ಮೇಲೆ ಗಾಡಿ ಶೆಡ್ಡಿನಲ್ಲೇ ಉಳಿಯಿತು. ಆಪಾ ಅದನ್ನು ಮಾರಲೊಲ್ಲಳು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸುತ್ತ, ಕೆಎ-08ರ ಆ ನಂಬರನ್ನು ಉಳಿಸಿಕೊಂಡಿದ್ದಾಳೆ.

ಈಗ ಅದರ ವಾರಸುದಾರ ಮಗ. ಬೆಂಗಳೂರಿನಲ್ಲಿ ನೌಕರಿ, ಶನಿವಾರ ರಾತ್ರಿ ಊರಿಗೆ ಬರುತ್ತಾನೆ. ಒಂದು ಭಾನುವಾರ ಅಮ್ಮನ ಮುಂದೆ ಹೇಳಿದ: ‘ಇದರ ಎಂಜಿನ್ ಇಳಿಸಿ ಎಸ್ಟೀಮ್ ಎಂಜಿನ್ ಕೂರಿಸ್ತೀನಿ. ಪವರ್ ಬೇಕು.’ ಆಪಾಳಿಗೆ ಕೇಳಿಸಿದ್ದು ‘ಅಬ್ಬಾನ ಗಾಡಿ ಬಿಚ್ಚಿಹಾಕ್ತೀನಿ’ ಎಂಬುದು ಮಾತ್ರ. ನಮಗೆ ಫೋನು ಮಾಡಿದಳು. ‘ಮಾಮೂ ಮಾತು ಅಂದ್ರೆ ಕೇಳ್ತಾನೆ. ನೀನೇ ಬಂದು ಹೇಳು.’

ನಾವು ಕಥೆ ಬರೆಯುವವರು. ಮದರಿ ಭಾಷೆಯ ಶಾಲೆಯಲ್ಲಿ ಉರ್ದು, ಹೈಸ್ಕೂಲಿನಲ್ಲಿ ಕನ್ನಡ ಓದಿದ ನಮಗೆ ಎಂಜಿನ್ನಿನ ಭಾಷೆ ಬಾರದು. ಆದ್ದರಿಂದ ಹುಡುಗನಿಗೆ ಬುದ್ಧಿ ಹೇಳುವ ಬದಲು ಅವನ ಜೊತೆಗೂಡಿ ರಾಬರ್ಟ್‌ಸನ್‌ಪೇಟೆಯ ಅಂಚಿನಲ್ಲಿರುವ ಉಸ್ತಾದರ ಶೆಡ್ಡಿಗೆ ಹೋದೆವು. ಉಸ್ತಾದರ ತಂದೆ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಮಗ ಹತ್ತನೇ ವಯಸ್ಸಿಗೆ ಪಾನಾ ಹಿಡಿದವರು. ಝೆನ್ ಗಾಡಿಯ ಸದ್ದು ಕೇಳಿಯೇ ಯಾವ ವಾಲ್ವ್ ಸೋರುತ್ತಿದೆ ಎನ್ನಬಲ್ಲರು.

ಅವರು ಬೈಯಲಿಲ್ಲ, ನಗಲೂ ಇಲ್ಲ. ಹುಡುಗನನ್ನು ಒಂದು ಡಬ್ಬದ ಮೇಲೆ ಕೂರಿಸಿ ಕೇಳಿದರು: ‘ಬೇಟಾ, ಕಂಪನಿಯವರು ಇದರಲ್ಲಿ ಎಷ್ಟು ಕುದುರೆ ಕಟ್ಟಿ ಕಳಿಸಿದ್ರು?’

‘ಐವತ್ತು.’

‘ಈಗ ಎಷ್ಟಿವೆ, ಎಣಿಸಿದೀಯಾ?’

ಅಲ್ಲಿಂದ ಶುರುವಾದ ಪಾಠವನ್ನು ನಮ್ಮ ತಿಳಿವಿಗೆ ದಕ್ಕಿದಷ್ಟು ಇಲ್ಲಿ ಬರೆಯುತ್ತಿದ್ದೇವೆ.

ಎಂಜಿನ್ ಎಂದರೆ ಗಾಳಿ ಎಳೆದುಕೊಂಡು ಹೊರಹಾಕುವ ಒಂದು ಪಂಪು. ಹೆಚ್ಚು ಗಾಳಿ ಒಳಗೆ ಹೋದರೆ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಉರಿಸಬಹುದು, ಆಗ ಶಕ್ತಿ ಹೆಚ್ಚುತ್ತದೆ. ಮಿಕ್ಕದ್ದೆಲ್ಲ ಇದರ ವಿವರಣೆ. ನಮ್ಮ ಕೆಜಿಎಫ್ ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಚೆನ್ನೈಯ ಗಾಳಿಗಿಂತ ನೂರಕ್ಕೆ ಎಂಟರಷ್ಟು ತೆಳು. ಹಾಗಾಗಿ ಹೊಸ ಗಾಡಿಯೇ ಆದರೂ ಐವತ್ತರಲ್ಲಿ ನಾಲ್ಕು ಕುದುರೆಗಳು ಘಟ್ಟ ಹತ್ತುವಾಗಲೇ ಹಿಂದೆ ಉಳಿದವು. ವಾಲ್ವ್ ಸೋರಿದರೆ ಇನ್ನಷ್ಟು, ರಿಂಗು ಸವೆದರೆ ಮತ್ತಷ್ಟು, ಡಿಸ್ಟ್ರಿಬ್ಯೂಟರಿನ ಟೈಮಿಂಗ್ ಸರಿದರೆ, ಏರ್ ಫಿಲ್ಟರ್ ಧೂಳು ಕಟ್ಟಿದರೆ, ಸೈಲೆನ್ಸರ್ ಒಳಗೆ ಕೊಳೆತಿದ್ದರೆ ಇನ್ನೂ ಕೆಲವು.

ಉಸ್ತಾದರು ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದರ ರಂಧ್ರಕ್ಕೂ ಒತ್ತಡ ಅಳೆಯುವ ಗೇಜ್ ಹಾಕಿ, ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದರು. ಮೂರು ಸಿಲಿಂಡರ್ ಒಂದು ಹದಕ್ಕಿದ್ದವು. ನಾಲ್ಕನೆಯದರ ಮುಳ್ಳು ಅರ್ಧ ದಾರಿಯಲ್ಲೇ ನಿಂತಿತು. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದರು. ಎಣ್ಣೆ ಬಿಟ್ಟಾಗ ಮುಳ್ಳು ಏರಿದರೆ ರಿಂಗು ಸವೆದಿದೆ ಎಂದರ್ಥ. ಏರದಿದ್ದರೆ ವಾಲ್ವಿನ ದೋಷ. ಮುಳ್ಳು ಏರಲಿಲ್ಲ. ‘ಇನ್ನೊಬ್ಬರ ಲಾಯದಿಂದ ಕುದುರೆ ತರೋದಕ್ಕೆ ಮೊದಲು ನಿನ್ನ ಲಾಯದಿಂದ ಓಡಿಹೋದವನ್ನು ಹಿಡಿದು ತಾ’ ಎಂದರು.

ಹುಡುಗ ಸುಮ್ಮನಾಗಲಿಲ್ಲ. ಅವನು ಓದಿಕೊಂಡು ಬಂದಿದ್ದ. ಝೆನ್‌ನ 993 ಸಿಸಿ ಎಂಜಿನ್ನೂ ಎಸ್ಟೀಮ್‌ನ 1.3 ಲೀಟರ್ ಎಂಜಿನ್ನೂ ಸುಝುಕಿಯ ಒಂದೇ ‘ಜಿ’ ವಂಶದವು. ಅಣ್ಣನ ಅಂಗಿ ತಮ್ಮನಿಗೆ ಹಿಡಿಸಿದಂತೆ ಅದು ಇದರಲ್ಲಿ ಕೂರುತ್ತದೆ. ಕಾರ್ಬೊರೇಟರ್ ಇದ್ದ ಎಸ್ಟೀಮ್ 65 ಅಶ್ವಶಕ್ತಿಯದು, ಆಮೇಲೆ ಬಂದ ಎಂಪಿಎಫ್‌ಐ 85ರದು. ದಕ್ಷಿಣದ ಊರುಗಳಲ್ಲಿ ಎಷ್ಟೋ ಹುಡುಗರು ಈ ಕಸಿ ಮಾಡಿಸಿದ್ದಾರೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆಗ ಉಸ್ತಾದರು ಇಂಗ್ಲೆಂಡಿನ ಮಿನಿ ಕಾರಿನ ವಿಷಯ ತೆಗೆದರು. 1959ರಲ್ಲಿ ಅದನ್ನು ರೂಪಿಸಿದ ಅಲೆಕ್ ಇಸಿಗೊನಿಸ್ ಹುಟ್ಟಿದ್ದು ಇಂದಿನ ತುರ್ಕಿಯ ಇಝ್ಮಿರ್‌ನಲ್ಲಿ. ಬಡವರಿಗೂ ಕೈಗೆಟುಕಲಿ ಎಂದು ಮಾಡಿದ ಪುಟ್ಟ ಗಾಡಿ, 848 ಸಿಸಿ, 34 ಅಶ್ವಶಕ್ತಿ. ರೇಸು ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದರೊಳಗೆ ಬೇರೆಯದನ್ನೇ ಕಂಡರು. 1961ರಲ್ಲಿ ಅದೇ ಗಾಡಿ 997 ಸಿಸಿ, 55 ಅಶ್ವಶಕ್ತಿಯ ಮಿನಿ ಕೂಪರ್ ಆಗಿ ಬಂತು. ಅದರ ಮುಂದಿನ ತಳಿ 1964ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದಿತು. 1970ರ ದಶಕದಲ್ಲಿ ಜರ್ಮನಿಯ ಗಾಲ್ಫ್ ಜಿಟಿಐ 110 ಅಶ್ವಶಕ್ತಿಯೊಂದಿಗೆ ಬಂದ ಮೇಲೆ ಇಂಥ ಗಾಡಿಗಳಿಗೆ ‘ಹಾಟ್ ಹ್ಯಾಚ್’ ಎಂಬ ಹೆಸರು ನಿಂತಿತು. ನಮ್ಮಲ್ಲಿ 2001ರ ಫಿಯೆಟ್ ಪಾಲಿಯೊದ ನೂರು ಕುದುರೆಯ ಮಾದರಿ ಆ ಜಾತಿಗೆ ಸೇರಿದ್ದು. ನಮ್ಮ ಹುಡುಗರ ಪಾಲಿಗೆ ಹಳೇ ಝೆನ್ನೇ ಬಡವರ ಹಾಟ್ ಹ್ಯಾಚ್.

‘ಕೂಪರ್ ಸಾಹೇಬರು ಎಂಜಿನ್ ಒಂದನ್ನೇ ಬದಲಾಯಿಸಿದರಾ?’ ಉಸ್ತಾದರು ಕೇಳಿದರು. ‘ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿದರು. ಅದನ್ನು ಯಾರೂ ಹೇಳಲ್ಲ.’

ನಮ್ಮ ಮನಸ್ಸಿನಲ್ಲಿ ನಿಂತದ್ದು ಈ ಮಾತು. ವೇಗಕ್ಕೂ ಬ್ರೇಕಿಗೂ ಇರುವ ಲೆಕ್ಕ ನೇರವಲ್ಲ. ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವ ಗಾಡಿ 90ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು, ಆದರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಎರಡೂಕಾಲು ಪಟ್ಟು. 120ಕ್ಕೆ ಹೋದರೆ ನಾಲ್ಕು ಪಟ್ಟು. ಅದೆಲ್ಲವೂ ಬಿಸಿಯಾಗಿ ಮುಂದಿನ ಡಿಸ್ಕ್, ಹಿಂದಿನ ಡ್ರಮ್ಮಿನಲ್ಲೇ ಕರಗಬೇಕು. ಐವತ್ತು ಕುದುರೆಗೆಂದು ಮಾಡಿದ ಬ್ರೇಕು, ತೆಳ್ಳಗಿನ ಟೈರು, ಇಪ್ಪತ್ತೈದು ವರ್ಷ ಹಳೆಯ ರಬ್ಬರ್ ಬುಶ್ಶು. ಇವುಗಳ ಮೇಲೆ ಎಂಬತ್ತೈದು ಕುದುರೆ ಹೂಡಿದರೆ ಗಾಡಿ ಓಡುವುದೇನೋ ನಿಜ. ನಿಲ್ಲಬೇಕಾದಾಗ ನಿಲ್ಲುತ್ತದೆಯೇ?

ಗಣಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು ಅಗೆಯುವ ಕೈಗಳ ಬಲವೊಂದರಿಂದಲೇ ಅಲ್ಲ. ಆಳ ಹೆಚ್ಚಿದಂತೆ ಬಂಡೆಯ ಕಾವು ಏರಿತು, ಕೆಳಕ್ಕೆ ತಂಪು ಗಾಳಿ ನೂಕಬೇಕಾಯಿತು. ಪಂಜರ ಇಳಿಸುವ ಯಂತ್ರ ಎಷ್ಟು ಬಲವಾದದ್ದೋ ಅದರ ಬ್ರೇಕೂ ಅಷ್ಟೇ ಬಲವಾದದ್ದಿರಬೇಕಿತ್ತು. ‘ಅಬ್ಬಾ ಹೇಳೋರು’ ಎಂದರು ಉಸ್ತಾದರು, ‘ಎತ್ತೋ ಯಂತ್ರ ಕೆಟ್ಟರೆ ಒಂದು ಪಾಳಿಯ ಕೂಲಿ ಹೋಗ್ತದೆ, ಬ್ರೇಕ್ ಕೆಟ್ಟರೆ ಪಂಜರದಲ್ಲಿರೋ ಅಷ್ಟೂ ಮನೆ ಹೋಗ್ತವೆ.’ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಆ ಮಾತು ಶೆಡ್ಡಿನಲ್ಲಿ ಉಳಿದಿದೆ.

ಆಪಾಳ ಭಯಕ್ಕೂ ಕಾರಣವಿತ್ತು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ–ಬೇತಮಂಗಲ ಭಾಗ 2024ರ ಡಿಸೆಂಬರಿನಲ್ಲಿ ವಾಹನಗಳಿಗೆ ತೆರೆದುಕೊಂಡಿತು. ನಮ್ಮ ಸೀಮೆಯ ಹುಡುಗರಿಗೆ ಅಂಥ ಅಗಲವಾದ, ಅಡ್ಡಿಯಿಲ್ಲದ ರಸ್ತೆ ಮನೆಬಾಗಿಲಿಗೆ ಬಂದದ್ದು ಅದೇ ಮೊದಲು. ತಾಯಂದಿರು ಅಂಥ ರಸ್ತೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಭಾವನನ್ನು ಕಳೆದುಕೊಂಡವಳು ಮಗನ ಸ್ಪೀಡೋಮೀಟರಿನ ಮುಳ್ಳಿಗೆ ಹೆದರಿದ್ದರಲ್ಲಿ ಆಶ್ಚರ್ಯವೇನು?

ಕಾನೂನಿನ ಮಾತೂ ಬಂತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಆರ್‌ಸಿಯಲ್ಲಿ ಎಂಜಿನ್ ನಂಬರ್ ಒಂದು, ಬಾನೆಟ್ ಕೆಳಗೆ ಇನ್ನೊಂದು ಎಂದಾದರೆ ನವೀಕರಣದ ದಿನ ಸಿಕ್ಕಿಬೀಳುತ್ತದೆ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಅದನ್ನೇ. ಭಾವನ ಹೆಸರಿನಿಂದ ಮಗನ ಹೆಸರಿಗೆ ಬಂದ ಆ ಕಾಗದ ಆಪಾಳಿಗೆ ಬರಿಯ ಕಾಗದವಲ್ಲ. ಹುಡುಗ ಬಗ್ಗಿದ್ದು ಇಲ್ಲಿ.

ಆದರೆ ಉಸ್ತಾದರು ಅವನ ಆಸೆಯನ್ನು ಅಲ್ಲಿಗೇ ಮುಗಿಸಲಿಲ್ಲ. ‘ಪವರ್ ಬೇಕು ಅನ್ನೋದು ತಪ್ಪಲ್ಲ. ಕಂಪನಿ ಕೊಟ್ಟ ಐವತ್ತನ್ನೂ ಪೂರಾ ತೆಗೆಯೋಣ. ನೀನೇ ತೆಗಿ, ನಾನು ಹೇಳಿಕೊಡ್ತೀನಿ’ ಎಂದರು. ಮುಂದಿನ ಎಂಟು ಭಾನುವಾರ ಹುಡುಗ ಶೆಡ್ಡಿನಲ್ಲಿ ಕಳೆದ. ಮೊದಲು ಬ್ರೇಕು: ಡಿಸ್ಕು, ಪ್ಯಾಡು, ಹಿಂದಿನ ಸಿಲಿಂಡರು, ಎಲ್ಲಾ ಪೈಪು. ಆಮೇಲೆ ಟೈರು, ಬುಶ್ಶು, ಶಾಕ್ ಅಬ್ಸಾರ್ಬರು. ಹೆಡ್ ಇಳಿಸಿದ್ದು ಐದನೇ ಭಾನುವಾರ. ವಾಲ್ವುಗಳನ್ನು ಪೇಸ್ಟು ಹಚ್ಚಿ, ಎರಡು ಅಂಗೈ ನಡುವೆ ಕೋಲು ತಿರುಗಿಸಿ ಸೀಟಿಗೆ ಕೂರಿಸುವ ಕೆಲಸ ನೋಡಲು ಸುಲಭ. ಮಾಡಿದರೆ ಅಂಗೈ ಬೊಬ್ಬೆ ಏಳುತ್ತದೆ. ಟ್ಯಾಪೆಟ್ ಸಂದು ಅಳೆದದ್ದು, ಟೈಮಿಂಗ್ ಹಿಡಿದದ್ದು, ಪ್ಲಗ್ಗಿನ ಬಣ್ಣ ನೋಡಿ ಉರಿ ಹದವಾಗಿದೆಯೇ ಎಂದು ತಿಳಿದದ್ದು ಎಲ್ಲಾ ಅವನೇ.

ಹೆಡ್ಡನ್ನು ಲೇತಿನಲ್ಲಿ ಉಜ್ಜಿಸಿ ಕಂಪ್ರೆಷನ್ ಏರಿಸೋಣವೇ ಎಂದು ಅವನು ಕೇಳಿದಾಗ ಉಸ್ತಾದರು ತಡೆದರು. ಒತ್ತಡ ಹೆಚ್ಚಾದರೆ ಪೆಟ್ರೋಲು ಕಿಡಿಗೆ ಕಾಯದೆ ತಾನಾಗಿ ಹೊತ್ತಿಕೊಳ್ಳುತ್ತದೆ, ಎಂಜಿನ್ ಟಕಟಕ ಬಡಿಯುತ್ತದೆ, ಕೊನೆಗೆ ಪಿಸ್ಟನ್ನೇ ಹೋಗುತ್ತದೆ. ಈಗಿನ ಬಂಕುಗಳ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಇನ್ನೊಂದು ತೊಡಕಿದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಹಳೆಯ ಕಾರ್ಬೊರೇಟರಿನ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರ್ ಪೈಪುಗಳನ್ನೂ ಅದು ತಿನ್ನುತ್ತದೆ. ಪೈಪು ಬದಲಾಯಿಸಿ, ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿದರು.

ಗಾಡಿ ಈಗ ಎಷ್ಟು ಕುದುರೆಯದು ಎಂದು ಯಾರೂ ಅಳೆದಿಲ್ಲ. ನಾಲ್ಕೂ ಸಿಲಿಂಡರಿನ ಮುಳ್ಳು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಬೇತಮಂಗಲದ ಏರಿನಲ್ಲಿ ಮೂರನೇ ಗೇರಿಗೆ ಇಳಿಸಬೇಕಾಗಿಲ್ಲ ಎಂದು ಹುಡುಗ ಹೇಳುತ್ತಾನೆ. ಆಪಾ ಮುಂದಿನ ಸೀಟಿನಲ್ಲಿ ಕೂತು ವಿ. ಕೋಟೆಯ ಮದುವೆಯೊಂದಕ್ಕೆ ಹೋಗಿಬಂದಳು. ‘ಬ್ರೇಕು ಚೆನ್ನಾಗಿದೆ’ ಎಂದಷ್ಟೇ ಹೇಳಿದಳು. ನಮಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ತಿಳಿಯದು.

ಉಳಿದಿರುವ ಚಿಂತೆ ಬೇರೆ. ಉಸ್ತಾದರ ಶೆಡ್ಡಿನಲ್ಲಿ ಒಂದು ಕಾಲಕ್ಕೆ ಆರು ಜನ ಶಾಗಿರ್ದರಿದ್ದರು, ಈಗ ಒಬ್ಬನೂ ಇಲ್ಲ. ಹೊಸ ಗಾಡಿಗಳ ರೋಗ ಕಂಪ್ಯೂಟರ್ ಹೇಳುತ್ತದೆ, ಕಿವಿಗೆ ಕೆಲಸವಿಲ್ಲ. ಅದನ್ನು ದೂರಿ ಫಲವೂ ಇಲ್ಲ, ಹೊಸ ಗಾಡಿ ಹೊಗೆ ಕಡಿಮೆ ಉಗುಳುತ್ತದೆ ಎಂಬುದು ಒಳ್ಳೆಯದೇ. ಆದರೆ ಬಲ ಹೆಚ್ಚಿಸಿಕೊಳ್ಳುವ ಮೊದಲು ಇರುವ ಬಲವನ್ನು ಅಳೆ, ಓಡುವ ಮೊದಲು ನಿಲ್ಲುವುದನ್ನು ಕಲಿ ಎಂಬ ಈ ವಿದ್ಯೆ ಯಾವ ಕಂಪ್ಯೂಟರಿನಿಂದ ಇಳಿಸಿಕೊಳ್ಳುವಂಥದ್ದು? ಅದು ಒಬ್ಬರ ಅಂಗೈಯ ಬೊಬ್ಬೆಯಿಂದ ಇನ್ನೊಬ್ಬರ ಅಂಗೈಗೆ ದಾಟಬೇಕು. ಎಂಟು ಭಾನುವಾರಗಳಲ್ಲಿ ಅಷ್ಟಿಷ್ಟಾದರೂ ದಾಟಿದೆ ಎಂಬುದು ನಮ್ಮ ಸಮಾಧಾನ.