ನಲವತ್ತೈದರ ಕಳ್ಳಾಟ

ಸಿನಿಮಾದ ಕಳ್ಳನಿಗೂ ನಮ್ಮ ಬೀದಿಯ ಕಳ್ಳನಿಗೂ ಇರುವ ಮೊದಲ ವ್ಯತ್ಯಾಸ ಇಸ್ತ್ರಿ. ಬೀದಿಯವನು ಹಿತ್ತಲ ಗೋಡೆ ಹಾರಿ, ಮೊಣಕೈ ತರಚಿಕೊಂಡು, ತಾಮ್ರದ ಹಂಡೆಯನ್ನೋ ಒಣಹಾಕಿದ ಪಂಚೆಯನ್ನೋ ಎತ್ತಿಕೊಂಡು ಓಡುತ್ತಾನೆ. ಸಿಕ್ಕಿದರೆ ಊರೇ ಸೇರಿ ಕಂಬಕ್ಕೆ ಕಟ್ಟುತ್ತದೆ. ಸಿನಿಮಾದವನ ಸೂಟಿನ ಒಂದು ಗೀರೂ ಕೆಡುವುದಿಲ್ಲ. ಕದಿಯುವುದು ಕೋಟಿಗಟ್ಟಲೆ ಡಾಲರಿನ ಮಾಲು. ಅವನು ಸಿಕ್ಕಿಬೀಳದಿರಲಿ ಎಂದು ಕತ್ತಲಲ್ಲಿ ಕೂತು ಹರಕೆ ಹೊರುವವರು ನಾವು, ನಾಳೆ ಬೆಳಗ್ಗೆ ಗೇಟಿನ ಬೀಗ ಎರಡು ಸಲ ಎಳೆದು ನೋಡುವ ಸಂಸಾರಸ್ಥರು! ಈ ಪಕ್ಷಪಾತಕ್ಕೆ ನಾನೇನೂ ಹೊರತಲ್ಲ. ನನ್ನನ್ನು ಕೆಡಿಸಿದ್ದು 1999ರ ‘ದ ಥಾಮಸ್ ಕ್ರೌನ್ ಅಫೇರ್’.

ಅದು ರೀಮೇಕ್. ರೀಮೇಕ್ ಎಂದರೆ ನಮ್ಮಲ್ಲಿ ಮೂಗು ಮುರಿಯುವುದು ವಾಡಿಕೆ. ಮೂಲವನ್ನು ನೋಡದವರೂ ಮೂಲವೇ ಚೆನ್ನಾಗಿತ್ತು ಎಂದು ಹೇಳಿ ಚಹಾ ಕುಡಿಯುತ್ತಾರೆ. ಈ ಮೂಲವನ್ನೂ ನಾನು ನೋಡಿದ್ದೇನೆ. 1968ರದ್ದು, ನಾರ್ಮನ್ ಜ್ಯೂಯಿಸನ್ ನಿರ್ದೇಶನ, ಸ್ಟೀವ್ ಮೆಕ್ವೀನ್ ಮತ್ತು ಫೇ ಡನವೇ. ಬಾಸ್ಟನ್ನಿನ ಶ್ರೀಮಂತನೊಬ್ಬ, ಬ್ಯಾಂಕಿಗೆ ಕಾಲಿಡದೆ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಬಾಡಿಗೆಯ ಜನರಿಂದ ಅದನ್ನು ದೋಚಿಸುತ್ತಾನೆ. ಬರೆದವನು ಅಲನ್ ಟ್ರಸ್ಟ್‌ಮನ್, ಅದೇ ಊರಿನ ವಕೀಲ. ಕಾನೂನು ಬಲ್ಲವರಿಗೆ ಮಾತ್ರ ಹೊಳೆಯುವ ಹಂಚಿಕೆ ಅದು. ಅವನ ಮನಸ್ಸಿನಲ್ಲಿದ್ದ ನಾಯಕ ಶಾನ್ ಕಾನರಿ, ಆಗಿನ ಜೇಮ್ಸ್ ಬಾಂಡ್. ಆ ಕಾಲಕ್ಕೆ ಬಾಂಡ್ ಜ್ವರ ಎಲ್ಲರಿಗೂ ತಗಲಿತ್ತು. ಅದೇ 1968ರಲ್ಲಿ ಇಲ್ಲಿ ದೊರೆ-ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿ ಕೈಗೆ ಪಿಸ್ತೂಲು ಕೊಟ್ಟಿತ್ತು. ಕಾನರಿ ಒಲ್ಲೆ ಎಂದ, ಮೆಕ್ವೀನ್ ಕಾಡಿ ಬೇಡಿ ಪಾತ್ರ ಗಿಟ್ಟಿಸಿಕೊಂಡ. ಮೂವತ್ತೊಂದು ವರ್ಷಗಳ ಮೇಲೆ, ಮೊದಲನೆಯ ಬಾಂಡ್ ಬಿಟ್ಟ ಪಾತ್ರವನ್ನು ಐದನೆಯ ಬಾಂಡ್ ಪಿಯರ್ಸ್ ಬ್ರಾಸ್ನನ್ ತಾನೇ ಮುಂದೆ ನಿಂತು, ತನ್ನದೇ ಕಂಪನಿಯಿಂದ ನಿರ್ಮಿಸಿ ಮಾಡಿದ. ಬಾಂಡ್ ಕರಾರಿನ ಪ್ರಕಾರ ಬೇರೆ ಸಿನಿಮಾಗಳಲ್ಲಿ ಅವನು ಪೂರ್ತಿ ಟಕ್ಸೀಡೊ ಹಾಕುವಂತಿರಲಿಲ್ಲವಂತೆ. ಅದಕ್ಕೇ ಔತಣಕೂಟದ ದೃಶ್ಯದಲ್ಲಿ ಅವನ ಬೋ ಟೈ ಕಟ್ಟದೆ ಕತ್ತಿನಲ್ಲಿ ಜೋತಾಡುತ್ತದೆ ಎನ್ನುತ್ತಾರೆ. ಕರಾರಿನ ದೆಸೆಯಿಂದ ಹುಟ್ಟಿದ್ದಾದರೂ ಅಂಥ ಚೆಂದದ ಅಸ್ತವ್ಯಸ್ತ ಇನ್ನೊಂದಿಲ್ಲ.

ಹಳೆಯ ಚಿತ್ರದಲ್ಲಿ ಎಲ್ಲರೂ ಹೊಗಳುವುದು ಎರಡನ್ನು. ಒಂದು, ಪರದೆಯನ್ನು ಹೋಳು ಹೋಳು ಮಾಡಿ ಏಕಕಾಲಕ್ಕೆ ಹತ್ತು ಕಡೆಯ ಸಂಗತಿ ತೋರಿಸಿದ್ದು. ಇನ್ನೊಂದು, ಚದುರಂಗದ ದೃಶ್ಯ. ಮೆಕ್ವೀನ್ ಮತ್ತು ಡನವೇ ಎದುರುಬದುರು ಕೂತು ಕಾಯಿ ನಡೆಸುತ್ತಾರೆ. ಅವಳ ಬೆರಳು ಒಂಟೆಯ ತಲೆ ಸವರುತ್ತದೆ, ಅವನ ಹಣೆ ಬೆವರುತ್ತದೆ, ಮಾತೇ ಇಲ್ಲ. ರೀಮೇಕಿನವರು ಮಾಡಿದ ಮೊದಲ ಜಾಣತನ ಈ ಚದುರಂಗದ ತಂಟೆಗೆ ಹೋಗದೆ ಇದ್ದದ್ದು. ಎರಡನೆಯದು, ಬ್ಯಾಂಕನ್ನು ಬಿಟ್ಟು ವಸ್ತುಸಂಗ್ರಹಾಲಯಕ್ಕೆ ಬಂದದ್ದು. ಬ್ಯಾಂಕಿನ ದುಡ್ಡು ಎಂದರೆ ಯಾರದೋ ಬೆವರು ಎಂಬ ಅಳುಕು ಒಳಗೆಲ್ಲೋ ಚುಚ್ಚುತ್ತದೆ. ಚಿತ್ರಕಾರ ಮೋನೆಯ ಚಿತ್ರ ಹೋದರೆ ಯಾವ ಮನೆಯ ಒಲೆಯೂ ಆರುವುದಿಲ್ಲ.

ಕಳುವಾಗುವುದು ಮೋನೆ 1908ರಲ್ಲಿ ವೆನಿಸ್ಸಿನಲ್ಲಿ ಕಂಡ ಸಾನ್ ಜಾರ್ಜಿಯೊ ಮಜ್ಜೋರೆಯ ಸಂಜೆ. ನಿಜವಾದ ಚಿತ್ರ ಇರುವುದು ವೇಲ್ಸಿನ ಕಾರ್ಡಿಫ್‌ನಲ್ಲಿ. ಸಿನಿಮಾ ಅದನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಗೋಡೆಗೆ ತೂಗುಹಾಕಿತು. ಆ ಮ್ಯೂಸಿಯಂ ಒಳಗೆ ಚಿತ್ರೀಕರಣಕ್ಕೆ ಒಪ್ಪಲಿಲ್ಲ, ಹಾಗಾಗಿ ಸೆಟ್ ಹಾಕಿದರು. ತನ್ನ ಮನೆಯನ್ನು ದೋಚುವುದು ಹೇಗೆಂದು ತೋರಿಸಲು ಯಾವ ಯಜಮಾನ ಬಾಗಿಲು ತೆಗೆದುಕೊಡುತ್ತಾನೆ! ಕಳ್ಳತನದ ಬಗೆಯೂ ಪೊಗರಿನದು. ಟ್ರಾಯ್ ಕಥೆಯಂತೆ ಮರದ ಕುದುರೆಯ ಹೊಟ್ಟೆಯಲ್ಲಿ ಅಡಗಿದ ರುಮೇನಿಯದ ಕಳ್ಳರು ಒಳಗೆ ಬರುತ್ತಾರೆ, ಸೆಕೆ ಏರಿಸಿ ಶಾಖ ನೋಡುವ ಕ್ಯಾಮೆರಾಗಳ ಕಣ್ಣು ಕಟ್ಟುತ್ತಾರೆ, ಸಿಕ್ಕಿಬೀಳುತ್ತಾರೆ. ಅವರು ಬರೀ ಗದ್ದಲಕ್ಕೆ. ಆ ಗದ್ದಲದಲ್ಲಿ ಕ್ರೌನ್ ಸಾಹೇಬರು ತಮ್ಮ ಪೆಟ್ಟಿಗೆ ಹಿಡಿದು ಆಫೀಸಿಗೆ ಹೊರಟವರ ಹಾಗೆ ಹೊರಬೀಳುತ್ತಾರೆ. ನಿರ್ದೇಶಕ ಜಾನ್ ಮೆಕ್‌ಟೀರ್ನನ್, ‘ಡೈ ಹಾರ್ಡ್’ನಲ್ಲಿ ಇಡೀ ಬಹುಮಹಡಿ ಕಟ್ಟಡವನ್ನು ಗಾಜು ಗಾಜಾಗಿ ಒಡೆಸಿದವನು. ಇಲ್ಲಿ ಅವನ ಕೈ ಎಷ್ಟು ಹಗುರ ನೋಡಿ.

ಇಷ್ಟಾದರೂ ನಾನು ಈ ಚಿತ್ರಕ್ಕೆ ಮರಳಿ ಹೋಗುವುದು ಮೋನೆಗಾಗಿ ಅಲ್ಲ, ನಾಯಕಿ ರೆನೆ ರೂಸೋಗಾಗಿ. ಚಿತ್ರ ತೆರೆಕಂಡಾಗ ಆಕೆಗೆ 45, ಬ್ರಾಸ್ನನ್‌ಗೆ 46. ಹಾಲಿವುಡ್‌ನಲ್ಲಿ ಐವತ್ತರ ನಾಯಕನ ಪಕ್ಕ ಇಪ್ಪತ್ತೈದರ ಹುಡುಗಿಯನ್ನು ನಿಲ್ಲಿಸುವುದೇ ಪದ್ಧತಿ; ನಮ್ಮ ಗಾಂಧಿನಗರಕ್ಕೂ ಈ ಲೆಕ್ಕ ಚೆನ್ನಾಗಿ ಬರುತ್ತದೆ. 1968ರ ಡನವೇಗೂ ಇಪ್ಪತ್ತೇಳು. ಆಕೆ ದಿಟ್ಟೆ, ಚೆಲುವೆ, ಟೋಪಿಗಳ ರಾಣಿ. ಆದರೆ ಆ ಪಾತ್ರಕ್ಕೆ ಕಳೆದುಕೊಳ್ಳುವುದಕ್ಕೆ ಏನಿತ್ತು? ಇನ್ನೊಂದು ವರ್ಷ, ಇನ್ನೊಬ್ಬ ಗಂಡಸು. ರೂಸೋಳ ಕ್ಯಾಥರೀನ್ ಬ್ಯಾನಿಂಗ್ ಹಾಗಲ್ಲ. ವಿಮಾ ಕಂಪನಿಯ ಪರವಾಗಿ ಕಳುವಿನ ಮಾಲು ಹುಡುಕಿ ಪಾಲು ಪಡೆಯುವುದು ಆಕೆಯ ಕಸುಬು. ಪೊಲೀಸ್ ಠಾಣೆಗೆ ಬಂದರೆ ಅದು ಆಕೆಯದೇ ಮನೆ. ಗಟ್ಟಿಯಾಗಿ ನಗುತ್ತಾಳೆ. ಕ್ರೌನ್‌ಗೆ ಮುಖದ ಮೇಲೇ ಹೇಳುತ್ತಾಳೆ, ಕದ್ದವನು ನೀನೇ ಎಂದು. ಅವನ ಜೊತೆ ಊಟಕ್ಕೆ ಕೂತು, ಅವನ ಕೀಲಿಕೈಗಳ ನಕಲು ಮಾಡಿಸಿ, ಮನೆಗೆ ನುಗ್ಗಿ ಚಿತ್ರ ಎತ್ತಿಕೊಂಡೂ ಬರುತ್ತಾಳೆ. ಪರೀಕ್ಷಿಸಿದರೆ ಆ ಮೋನೆಯ ಅಡಿಯಲ್ಲಿ ನಾಯಿಗಳು ಕೂತು ಇಸ್ಪೀಟು ಆಡುತ್ತಿವೆ! ಅವಳು ಕದಿಯುತ್ತಾಳೆಂದು ಲೆಕ್ಕ ಹಾಕಿಯೇ ಅವನು ನಕಲಿಯನ್ನು ತೂಗುಹಾಕಿದ್ದ. ಇಷ್ಟು ಚೆನ್ನಾಗಿ ಒಬ್ಬರನ್ನೊಬ್ಬರು ಅರಿತವರನ್ನು ನಾನು ಮದುವೆ ಮನೆಗಳಲ್ಲಿ ಕಂಡದ್ದು ಕಡಿಮೆ.

ರೂಸೋಳ ಅಭಿನಯದ ನಿಜವಾದ ಪರೀಕ್ಷೆ ಬರುವುದು ಬೇರೆ ಕಡೆ. ಕ್ರೌನ್ ಎಳೆಯ ಸುಂದರಿಯೊಬ್ಬಳ ಜೊತೆ ಓಡಾಡುವ ಫೋಟೊಗಳು ಕೈಗೆ ಬರುತ್ತವೆ. ಅಳು ಇಲ್ಲ, ಆರ್ಭಟ ಇಲ್ಲ. ಅಷ್ಟು ಹೊತ್ತು ಊರನ್ನೇ ಆಳುತ್ತಿದ್ದ ಆ ಮುಖ ಕ್ಷಣದಲ್ಲಿ ತನ್ನ ವಯಸ್ಸನ್ನು ಲೆಕ್ಕ ಹಾಕುತ್ತದೆ. ನಾನು ಮೋಸಹೋದೆನೇ ಎನ್ನುವುದಕ್ಕಿಂತ, ನನಗೆ ಇದು ಮೊದಲೇ ಗೊತ್ತಿರಬೇಕಿತ್ತಲ್ಲ ಎಂಬ ನಾಚಿಕೆ. ಇಪ್ಪತ್ತೇಳರ ಮುಖದಲ್ಲಿ ಇದು ಬರುವುದಿಲ್ಲ. ಎಷ್ಟು ದೊಡ್ಡ ನಟಿಯಾದರೂ ಬರುವುದಿಲ್ಲ. ಕ್ಯಾಥರೀನ್ ಪಣಕ್ಕಿಟ್ಟದ್ದು ಎಷ್ಟೆಂದು ನಮಗೆ ತಿಳಿಯುವುದು ಆಗ. ಚಿತ್ರಕಥೆಯ ಕಳ್ಳತನದ ಭಾಗಗಳನ್ನು ಹೆಚ್ಚಾಗಿ ಕರ್ಟ್ ವಿಮರ್, ಪ್ರೇಮದ ಭಾಗಗಳನ್ನು ಲೆಸ್ಲಿ ಡಿಕ್ಸನ್ ಎಂಬ ಲೇಖಕಿ ಬರೆದದ್ದೆಂದು ನಿರ್ದೇಶಕನೇ ಹೇಳಿದ್ದಾನೆ. ಹೇಳದಿದ್ದರೂ ಈ ದೃಶ್ಯ ಹೇಳುತ್ತಿತ್ತು.

ಬ್ರಾಸ್ನನ್‌ನನ್ನು ಇಸ್ತ್ರಿ ಮಾಡಿದ ಬೊಂಬೆ ಎನ್ನುವವರಿದ್ದಾರೆ. ಬಾಂಡ್ ಆಗಿ ಅವನು ಗಡಿಯಾರ ನೋಡಿಕೊಂಡು ಕೆಲಸ ಮಾಡುವ ಸರ್ಕಾರಿ ನೌಕರ, ಒಪ್ಪಿದೆ. ಇಲ್ಲಿ ಅವನಿಗೆ ಬಿಡುವು ಸಿಕ್ಕಿದೆ. ದುಬಾರಿ ದೋಣಿಯನ್ನು ಬೇಕೆಂದೇ ಮಗುಚಿ ನೀರಿನಿಂದ ಎದ್ದಾಗ ಆ ಮುಖದ ಮೇಲಿನ ಖುಷಿ ಹತ್ತು ವರ್ಷದ ಹುಡುಗನದು. ಆಮೇಲೆ ಮನಶ್ಶಾಸ್ತ್ರಜ್ಞೆಯ ಎದುರು ಕೂತಾಗ, ಆ ಹುಡುಗನಿಗೆ ತನ್ನನ್ನು ಯಾರೂ ನಂಬರು ಎಂಬ ಭಯ. ಆ ಮನಶ್ಶಾಸ್ತ್ರಜ್ಞೆ ಯಾರು ಗೊತ್ತೇ? ಫೇ ಡನವೇ. ಒಂದು ಕಾಲಕ್ಕೆ ಇದೇ ಹೆಸರಿನ ಕಳ್ಳನನ್ನು ಬೆನ್ನಟ್ಟಿ ಸೋತವಳು ಈಗ ಆರಾಮಾಗಿ ಕೂತು, ಅವನ ಪಾಡು ಕೇಳಿ, ಮನಸಾರೆ ನಗುತ್ತಾಳೆ. ಅತ್ತೆಗೊಂದು ಕಾಲ ಬಂದೇ ಬರುತ್ತದೆ.

ನಡುವೆ ಡೆನಿಸ್ ಲಿಯರಿಯ ಪತ್ತೇದಾರನಿಗೆ ಒಂದು ಮಾತಿದೆ. ಮಕ್ಕಳನ್ನು ಬಡಿಯುವವರಂಥ ದುಷ್ಟರನ್ನು ಹಿಡಿಯುವುದು ತನ್ನ ದಿನನಿತ್ಯದ ಕೆಲಸ. ಹುಚ್ಚು ಶ್ರೀಮಂತರಿಗೆ ಮಾತ್ರ ಬೇಕಾದ ಬಣ್ಣದ ಸುಳಿಗಳನ್ನು ಯಾರಾದರೂ ಒಯ್ದರೆ ತನಗೇನು ಎಂಬ ಧಾಟಿಯದು. ನಮ್ಮ ಪಕ್ಷಪಾತಕ್ಕೆ ಚಿತ್ರವೇ ಒದಗಿಸಿದ ಜಾಮೀನು ಎಂದು ನಾನದನ್ನು ಭಾವಿಸಿದ್ದೇನೆ.

ಕೊನೆಯಲ್ಲಿ ಕ್ರೌನ್ ಕದ್ದದ್ದನ್ನು ಹಿಂದಿರುಗಿಸಲು ಬರುತ್ತಾನೆ. ಮಾಗ್ರಿಟ್‌ನ ಚಿತ್ರದಿಂದ ಎದ್ದುಬಂದಂತೆ ಗುಂಡುಟೋಪಿಯ ಹತ್ತಾರು ಮಂದಿ ಒಂದೇ ಬಗೆಯ ಪೆಟ್ಟಿಗೆ ಹಿಡಿದು ಮ್ಯೂಸಿಯಂ ತುಂಬ ಅಡ್ಡಾಡುತ್ತಾರೆ, ಹಿನ್ನೆಲೆಯಲ್ಲಿ ನೀನಾ ಸಿಮೋನ್ ಹಾಡುತ್ತಾಳೆ, ಚಪ್ಪಾಳೆಯ ತಾಳ ಏರುತ್ತದೆ, ಪೊಲೀಸರು ಯಾವ ಟೋಪಿಯ ಹಿಂದೆ ಓಡಬೇಕೆಂದು ತಿಳಿಯದೆ ಎಲ್ಲದರ ಹಿಂದೆಯೂ ಓಡುತ್ತಾರೆ. ಬೆಂಕಿ ಆರಿಸುವ ನೀರು ಚಿಮ್ಮಿದಾಗ, ಖಾಲಿ ಜಾಗಕ್ಕೆಂದು ಕ್ರೌನ್ ಉದಾರವಾಗಿ ಕೊಟ್ಟಿದ್ದ ಪಿಸಾರೊ ಚಿತ್ರದ ಬಣ್ಣ ಕರಗಿ, ಅಡಿಯಿಂದ ಮೋನೆ ಹೊರಬರುತ್ತದೆ. ಕಳುವಾದದ್ದು ಅಷ್ಟು ದಿನವೂ ಕಳುವಾದ ಜಾಗದಲ್ಲೇ ಇತ್ತು.

ಮುಕ್ತಾಯದ ಬಗ್ಗೆ ಜಗಳವಿದೆ. ಹಳೆಯ ಕ್ರೌನ್ ಬರುವುದಿಲ್ಲ. ಹಣ ತೆಗೆದುಕೊಂಡು ಬಾ, ಇಲ್ಲವೇ ಕಾರನ್ನು ಇಟ್ಟುಕೋ ಎಂದು ತಂತಿ ಕಳಿಸುತ್ತಾನೆ. ಡನವೇ ಅದನ್ನು ಹರಿದು ಚೂರು ಮಾಡುತ್ತಾಳೆ. ಹೊಸ ಕ್ರೌನೂ ಮೊದಲು ಬರುವುದಿಲ್ಲ, ಅವಳು ಮೆಚ್ಚಿದ್ದ ಇನ್ನೊಂದು ಚಿತ್ರವನ್ನು ಕದ್ದು ಉಡುಗೊರೆ ಕಳಿಸುತ್ತಾನೆ. ಅದನ್ನು ಪತ್ತೇದಾರನಿಗೆ ತಲುಪಿಸಲು ಹೇಳಿ ಕ್ಯಾಥರೀನ್ ಲಂಡನ್ ವಿಮಾನ ಹತ್ತಿ ಬಿಕ್ಕುತ್ತಾಳೆ. ಹಿಂದಿನ ಸೀಟಿನಿಂದ ಒಂದು ಕರವಸ್ತ್ರ ಮುಂದೆ ಬರುತ್ತದೆ. ಇದು ಅಗ್ಗದ ಸುಖಾಂತ, ಹಳೆಯದರ ಏಕಾಂತವೇ ದೊಡ್ಡದು ಎಂದು ತಿಳಿದವರು ವಾದಿಸುತ್ತಾರೆ. ವಾದ ಸರಿಯಿರಬಹುದು. ಆದರೆ ಇಪ್ಪತ್ತೇಳರಲ್ಲಿ ಒಂಟಿಯಾಗಿ ನಿಂತರೆ ಅದು ಶೈಲಿ. ನಲವತ್ತೈದರವಳನ್ನು ಹಾಗೆ ನಿಲ್ಲಿಸಿದ್ದರೆ ಅದು ಆಕೆಗೆ ಕೊಟ್ಟ ಶಿಕ್ಷೆಯಾಗುತ್ತಿತ್ತು. ಅಂಥ ಸಿನಿಮಾಗಳು ಬೇಕಾದಷ್ಟಿವೆ. ಇನ್ನೊಮ್ಮೆ ಹೀಗೆ ಮಾಡಿದರೆ ನಿನ್ನ ಎರಡೂ ಕೈ ಮುರಿಯುತ್ತೇನೆ ಎಂದು ಆಕೆ ಅವನಿಗೆ ಗದರಿಸುವಾಗ, ಆ ದನಿಯನ್ನು ಕೇಳಿದ ಯಾರಿಗೂ ಅದು ತಮಾಷೆ ಎನ್ನಿಸಲಾರದು. ಕ್ರೌನ್‌ಗೂ ಅನ್ನಿಸಿರಲಾರದು.